ಅಣಬೆ ಗುಂಪು, ಹೀರೇಕಾಯಿ ಗುಂಪು

ನನ್ನ ತಂಗಿಯ ಮಗಳನ್ನು ಶಿಡ್ಲಘಟ್ಟದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಅವಳ ಅತ್ತೆ ಮನೆಯವರು ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಾಕಿದ ಮೇಲೆ ರೇಷ್ಮೆಹುಳು ಸಾಕುತ್ತಿದ್ದ ಮನೆ ಖಾಲಿ ಬಿದ್ದಿತ್ತು. ಅಷ್ಟು ತಂಪಾದ ಕಟ್ಟಡವನ್ನು ಹಳೇ ಸಾಮಾನಿಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ತರಬೇತಿ ಪಡೆದು ಬಂದು, ಭತ್ತದ ಹುಲ್ಲು ಬೇಯಿಸಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಅಣಬೆ ಬೀಜ ಹಾಕಿ ಸಾಲಾಗಿ ನೇತುಹಾಕಿದಳು. ಮೊದಲ ಬೆಳೆ ಬಂದಾಗ ನನ್ನನ್ನು ಕರೆಸಿಕೊಂಡಳು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಮಳೆ ನಿಂತ ಮೇಲಿನ ಮಣ್ಣಿನಂಥ ವಾಸನೆ. ಅರೆಗತ್ತಲಲ್ಲಿ ಚೀಲಗಳ ಮೈತುಂಬ ಬೆಳ್ಳನೆಯ ಚಿಪ್ಪಣಬೆಗಳು, ಯಾರೋ ಕಿವಿಗೊಟ್ಟು ನಮ್ಮ ಮಾತು ಕೇಳುತ್ತಿರುವ ಹಾಗೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಬೋರ್ಡಿನ ಮೇಲೆ ಎಷ್ಟೋ ವರ್ಷ ಅಣಬೆಯ ಚಿತ್ರ ಬರೆದಿದ್ದೆ. ಇಷ್ಟೊಂದು ಅಣಬೆಯನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಸ್ವಲ್ಪ ದಿನ ಕಳೆದು ಅವಳೇ ಚಿಂತಾಮಣಿಯ ನಮ್ಮ ಮನೆಗೆ ಬಂದಳು. ಬ್ಯಾಗಿನ ತುಂಬ ಪ್ಯಾಕೆಟ್ಟುಗಳು. ಚಿಕ್ಕಬಳ್ಳಾಪುರದ ಅಂಗಡಿಗಳಿಗೂ ಕೊಡುತ್ತಿದ್ದೇನೆ, ಬೇಡಿಕೆ ಚೆನ್ನಾಗಿದೆ ಎಂದು ಸಂಭ್ರಮದಿಂದ ಹೇಳಿ ಒಂದನ್ನು ನನ್ನ ಕೈಗಿಟ್ಟಳು. ಅದರ ಮೇಲೆ ಹಸಿರು ಅಕ್ಷರದಲ್ಲಿ ‘ಜ್ಞಾಪಕಶಕ್ತಿಗೆ ರಾಮಬಾಣ’ ಎಂದು ಅಚ್ಚಾಗಿತ್ತು.

ಇದನ್ನು ಯಾರು ಹೇಳಿದರು ಎಂದು ಕೇಳಿದೆ. ಫೋನಿನಲ್ಲಿ ಓದಿದೆ ಎಂದಳು. ತೋರಿಸು ಎಂದೆ. ತೋರಿಸಿದಳು. ಅದು ಬೇರೆಯೇ ಅಣಬೆ. ಸಿಂಹದ ಜೂಲಿನಂತೆ ಎಳೆಎಳೆಯಾಗಿ ಇಳಿಬೀಳುವ ಜಾತಿ. ಅದರಲ್ಲಿರುವ ಕೆಲವು ವಸ್ತುಗಳು ಇಲಿಗಳ ಮಿದುಳಿನಲ್ಲಿ ನರಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಮನುಷ್ಯರ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಏನೂ ಹೇಳುವ ಹಾಗಿಲ್ಲ. ಆ ಅಣಬೆಯ ಕೀರ್ತಿಯನ್ನು ತಂದು ಈ ಅಣಬೆಗೆ ಹೊದಿಸಿದರೆ, ಓರಗಿತ್ತಿಯ ಒಡವೆ ಹಾಕಿಕೊಂಡು ಮದುವೆಗೆ ಹೋದ ಹಾಗೆ ಎಂದೆ.

“ಎಲ್ರೂ ಹಂಗೇ ಹಾಕ್ತಾರೆ ದೊಡ್ಡಮ್ಮ,” ಎಂದಳು. “ನಮ್ ಅಣಬೇಲಿ ಏನೂ ಇಲ್ವಾ ಹಂಗಾದ್ರೆ?”

ಇದೆ. ಆ ವಿಷಯ ನಾನಾಗಲೇ ಓದಿಕೊಂಡಿದ್ದೆ. ಅದಕ್ಕೂ ಒಂದು ಕಾರಣವಿತ್ತು. ನನ್ನ ಅಮ್ಮ ಕೊನೆಗಾಲದಲ್ಲಿ ನಮ್ಮ ಹೆಸರುಗಳನ್ನೆಲ್ಲ ಮರೆತಿದ್ದಳು. ನಾನು ಅರವತ್ತು ದಾಟಿದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ಏನು ತೆಗೆದುಕೊಳ್ಳಲು ಬಂದೆ ಎಂದು ನಿಂತುಬಿಡುವುದು ಶುರುವಾಗಿತ್ತು. ಆಗೆಲ್ಲ ಅಮ್ಮ ಕಣ್ಣ ಮುಂದೆ ಬರುತ್ತಿದ್ದಳು. ಹಾಗಾಗಿ ನೆನಪಿನ ಬಗ್ಗೆ ಎಲ್ಲಿ ಏನು ಸಿಕ್ಕರೂ ಓದುತ್ತಿದ್ದೆ. ಚಿಪ್ಪಣಬೆಯಲ್ಲಿ ಎರ್ಗೊಥಯೋನೀನ್ ಎಂಬ ವಸ್ತುವಿದೆ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಸಿಗಬೇಕು. ಸಿಕ್ಕಿದ್ದನ್ನು ದೇಹ ಜೋಪಾನ ಮಾಡಿ ಇಟ್ಟುಕೊಳ್ಳುತ್ತದೆ, ಮಿದುಳಿಗೂ ಕಳಿಸುತ್ತದೆ. ಅಣಬೆ ಹೆಚ್ಚು ತಿನ್ನುವವರಲ್ಲಿ ಮರೆವು ಕಡಿಮೆ ಕಾಣಿಸಿದೆ ಎನ್ನುವವರೂ ಇದ್ದಾರೆ. ಆದರೆ ಅದು ಅಣಬೆಯಿಂದಲೋ, ಅಂಥವರು ಒಟ್ಟಾರೆ ಒಳ್ಳೆಯ ಊಟ ಮಾಡುತ್ತಾರೆ ಎಂಬುದರಿಂದಲೋ ಯಾರಿಗೆ ಗೊತ್ತು? ಇದನ್ನೆಲ್ಲ ಹುಡುಗಿಗೆ ಹೇಳಿದೆ. ಆಮೇಲೆ ಅವಳ ಕಣ್ಣಲ್ಲಿ ತುಂಟತನ ಕಾಣಿಸಿತು.

“ಹಂಗಾದ್ರೆ ನೀವೇ ಪರೀಕ್ಷೆ ಮಾಡಿ ಹೇಳಿ. ಅಣಬೆ ನಾನು ಕೊಡ್ತೀನಿ. ನೀವು ಸುಳ್ಳು ಅಂದ್ರೆ ಆ ಸಾಲು ತೆಗೆದ್‌ಹಾಕ್ತೀನಿ.”

ಮೇಷ್ಟರ ಕೆಲಸ ಮಾಡಿದವರಿಗೆ ಹೀಗೆ ಸವಾಲು ಹಾಕಬಾರದು. ಮಾರನೆಯ ದಿನವೇ ನಾನು ಜನ ಹುಡುಕಲು ಹೊರಟೆ.

ದೂರವೇನೂ ಹೋಗಬೇಕಾಗಲಿಲ್ಲ. ನಾವು ಆರು ಹೆಂಗಸರು ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಸುತ್ತು ಹಾಕಿ, ಆಮೇಲೆ ಹುಣಸೆಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಹರಟುತ್ತೇವೆ. ನನ್ನ ಪಕ್ಕದ ಮನೆಯವಳು ಪೋಸ್ಟಾಫೀಸಿನಲ್ಲಿದ್ದು ನಿವೃತ್ತಳಾದವಳು, ಮಹಾ ಹಠಮಾರಿ. ಇನ್ನೊಬ್ಬರು ಬಳೆ ಅಂಗಡಿಯ ಅಕ್ಕ. ಮದನಪಲ್ಲಿ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದು, ಗಂಡ ಹೋದ ಮೇಲೆ ಅಂಗಡಿಯನ್ನು ತಾವೇ ನಡೆಸುತ್ತಿರುವವರು. ಇಬ್ಬರು ತರಕಾರಿ ಮಂಡಿಯ ಮನೆಯ ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷ ಜಗಳವಾಡದೆ ಬದುಕಿದವರು, ಊರಿಗೇ ಸೋಜಿಗ. ಕೊನೆಯವರು ಉರ್ದು ಶಾಲೆಯಲ್ಲಿ ಟೀಚರಾಗಿದ್ದವರು. ವಯಸ್ಸಿನಲ್ಲಿ ನಮಗೆಲ್ಲ ಸಮವಾದರೂ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತೇವೆ.

ಕಟ್ಟೆಯ ಮೇಲೆ ನನ್ನ ಯೋಜನೆ ಹೇಳಿದೆ. ಅರ್ಧ ಜನ ವಾರಕ್ಕೆ ನಾಲ್ಕಾರು ಸಲ ಅಣಬೆ ತಿನ್ನಬೇಕು, ಅರ್ಧ ಜನ ತಿನ್ನಬಾರದು. ಎಲ್ಲರೂ ಹೊಸದೊಂದನ್ನು ಕಲಿಯಬೇಕು. ಯಾರ ನೆನಪು ಹೆಚ್ಚು ನಿಲ್ಲುತ್ತದೆ ಎಂದು ವಾರವಾರ ನೋಡಬೇಕು. ಏನು ಕಲಿಯುವುದು ಎಂಬಲ್ಲಿಗೆ ಮಾತು ನಿಂತಿತು. ಒಬ್ಬರು ದೇವರನಾಮ ಅಂದರು, ಅದು ಪೋಸ್ಟಾಫೀಸಿನವಳಿಗೆ ಆಗಲೇ ನೂರಾರು ಬರುತ್ತದೆ. ಕಸೂತಿ ಅಂದರೆ ಓರಗಿತ್ತಿಯರಲ್ಲಿ ಹಿರಿಯರು ಅದರಲ್ಲಿ ಪಳಗಿದವರು. ಆಗ ಆಪಾ ಗಂಟಲು ಸರಿಮಾಡಿಕೊಂಡರು.

“ಇಷ್ಟು ವರ್ಷದಿಂದ ಈ ಊರಲ್ಲಿದೀರ. ಬಜಾರಲ್ಲಿ ಅರ್ಧ ಬೋರ್ಡು ನಿಮಗೆ ಓದಕ್ಕೆ ಬರಲ್ಲ. ನಮ್ಮ ಅಕ್ಷರ ಕಲೀರಿ. ಯಾರಿಗೂ ಗೊತ್ತಿಲ್ಲ, ಎಲ್ರೂ ಸಮ.”

ಉರ್ದು ಮಾತು ನಮ್ಮ ಕಿವಿಗೆ ಹೊಸದಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಎಲ್ಲರಿಗೂ ಬರುತ್ತದೆ. ಅಕ್ಷರ ಮಾತ್ರ ಯಾರಿಗೂ ಒಂದೂ ತಿಳಿಯದು. ಪರೀಕ್ಷೆಗೆ ಇದಕ್ಕಿಂತ ತಕ್ಕ ವಿಷಯ ಸಿಕ್ಕುವುದಿಲ್ಲ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಗುಂಪು ಮಾಡಲು ಚೀಟಿ ಎತ್ತಬೇಕು ಎಂದೆ. ಪೋಸ್ಟಾಫೀಸಿನವಳು ಕೈ ಅಡ್ಡ ಇಟ್ಟಳು. “ಆ ನಾಯಿಕೊಡೆ ನಮ್ಮ ಅಡಿಗೆಮನೆ ಹೊಸಲು ದಾಟಲ್ಲ ಕಣೇ. ನನ್ನ ತಿನ್ನದೇ ಇರೋರ ಜೊತೆ ಹಾಕು, ಇಲ್ಲಾಂದ್ರೆ ಬಿಡು.” ಹಾಗೆ ಅವರವರೇ ಆರಿಸಿಕೊಂಡರೆ ಪರೀಕ್ಷೆ ಕೆಡುತ್ತದೆ, ಚೀಟಿ ಎತ್ತುವುದೇ ಅದಕ್ಕೆ ಎಂದು ಪಾಠ ಮಾಡಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟಳು. ಅವಳಿಲ್ಲದೆ ಮಜವೇ ಇರುವುದಿಲ್ಲ ಎಂದು ಎಲ್ಲರೂ ಗೋಗರೆದದ್ದರಿಂದ ನಾನು ಸೋತೆ. ಉಳಿದವರ ಚೀಟಿಯಲ್ಲಿ ಬಳೆ ಅಂಗಡಿ ಅಕ್ಕನಿಗೂ ಹಿರಿಯ ಓರಗಿತ್ತಿಗೂ ಅಣಬೆ ಬಂತು. ಕಿರಿಯ ಓರಗಿತ್ತಿ ಮುಖ ಸಣ್ಣದು ಮಾಡಿಕೊಂಡು, “ನಮಗೇನೂ ಇಲ್ವಾ ಮೇಡಂ?” ಎಂದರು. ಪರೀಕ್ಷೆಯ ನಿಯಮದಂತೆಯೂ ಅವರಿಗೆ ಏನಾದರೂ ಕೊಡುವುದು ಒಳ್ಳೆಯದೇ. ಮಂಡಿಯಲ್ಲಿ ಆಗ ಹೀರೇಕಾಯಿ ರಾಶಿ ಬಿದ್ದಿತ್ತು. ಹೀಗೆ ಅಣಬೆ ಗುಂಪು, ಹೀರೇಕಾಯಿ ಗುಂಪು ಎಂದು ಎರಡಾದವು. ನಾನು ಯಾವ ಗುಂಪಿಗೂ ಸೇರದೆ ಎರಡನ್ನೂ ತಿಂದೆ.

ಪಾಠ ಆಪಾ ಅವರ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುತ್ತಿತ್ತು. ಅವರು ಶಾಲೆಯ ಕಾಲದ ಸ್ಲೇಟುಗಳನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದರು. ಮೈದಾನದಲ್ಲಿ ನಮ್ಮ ಜೊತೆ ನಗುತ್ತಾ ನಡೆಯುವ ಆಪಾ ಬೇರೆ, ಸ್ಲೇಟು ಹಿಡಿದ ಆಪಾ ಬೇರೆ. ಬಲದಿಂದ ಎಡಕ್ಕೆ ಬರೆಯಿರಿ ಎಂದರೆ ನಮ್ಮ ಕೈ ತಾನೇ ಎಡಕ್ಕೆ ಓಡಿ ಅಲ್ಲಿಂದ ಶುರುಮಾಡುತ್ತಿತ್ತು. ಅವರು ಬೆರಳಿನಿಂದ ಸ್ಲೇಟಿನ ಬಲಗಡೆ ತಟ್ಟುತ್ತಿದ್ದರು. ಅರವತ್ತು ದಾಟಿದ ನಾವು ಆ ಸದ್ದಿಗೆ ಬೆಚ್ಚುತ್ತಿದ್ದೆವು. ಎಷ್ಟೋ ವರ್ಷ ನಾನೂ ಹೀಗೇ ಮಕ್ಕಳನ್ನು ಬೆಚ್ಚಿಸಿದವಳು. ಈಗ ಹಿಂದಿನ ಸಾಲಿನಲ್ಲಿ ಕೂತು ಬೆಚ್ಚುವುದರಲ್ಲಿ ಏನೋ ಒಂದು ಸುಖ ಇತ್ತು.

ಮೊದಲ ವಾರಗಳಲ್ಲಿ ಅಣಬೆ ಗುಂಪಿನದೇ ಮೇಲುಗೈ. ಬಳೆ ಅಂಗಡಿ ಅಕ್ಕ ಪ್ರತಿ ಅಕ್ಷರಕ್ಕೂ ಒಂದು ಕತೆ ಕಟ್ಟುತ್ತಿದ್ದರು. ಹೊಟ್ಟೆಯೊಳಗೆ ಒಂದು ಚುಕ್ಕಿ ಇರುವ ಜೀಮ್ ಅಕ್ಷರ ಅವರಿಗೆ ಸೀಮಂತದ ಬಳೆ ತೊಡಲು ಬಂದ ಬಸುರಿ. ಅದೇ ಆಕಾರದ ನೆತ್ತಿಯ ಮೇಲೆ ಚುಕ್ಕಿ ಇದ್ದರೆ ಖೇ. ಅವಳು ಮಗುವನ್ನು ಹೆಗಲೇರಿಸಿಕೊಂಡು ಜಾತ್ರೆಗೆ ಹೊರಟವಳು. ಚುಕ್ಕಿಯೇ ಇಲ್ಲದ ಹೇ ಇನ್ನೂ ಮದುವೆಯಾಗದವಳು. ಆಪಾ ಎಷ್ಟು ಗಂಭೀರವಾಗಿರಲು ನೋಡಿದರೂ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಒಮ್ಮೆ ನಾನು ಎರ್ಗೊಥಯೋನೀನ್ ಹೆಸರು ಹೇಳಿದೆ. ಯಾರಿಗೂ ಬಾಯಿ ತಿರುಗಲಿಲ್ಲ. ಅಕ್ಕ ಮಾತ್ರ ಒಂದೇ ಸಲಕ್ಕೆ, “ಎರಗೋ ತಾಯೀ ನೀನ್, ಅಷ್ಟೇ ಅಲ್ವಾ?” ಎಂದರು. ಅಂದಿನಿಂದ ನಾನು ಕೂಡ ಆ ಹೆಸರನ್ನು ಹಾಗೇ ನೆನಪಿಟ್ಟುಕೊಂಡಿದ್ದೇನೆ.

ವಿಷಯ ಕೇಳಿ ನನ್ನ ತಂಗಿಯ ಮಗಳು ಫೋನಿನಲ್ಲಿ ಉಬ್ಬಿಹೋದಳು. ಸ್ವಲ್ಪ ತಾಳು ಎಂದೆ.

ತಾಳು ಎಂದದ್ದು ಒಳ್ಳೆಯದಾಯಿತು. ಪೋಸ್ಟಾಫೀಸಿನವಳಿಗೆ ಸೋಲು ಸಹಿಸಿ ಅಭ್ಯಾಸವಿಲ್ಲ. ಒಂದು ಬೆಳಿಗ್ಗೆ ಅವಳ ಗಂಡ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಏನೋ ಹೇಳಬೇಕು, ಸಂಕೋಚ. ಕೊನೆಗೆ ಬಾಯಿಬಿಟ್ಟರು: ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಆಕೆ ಉರ್ದುವಿನಲ್ಲಿ ಬರೆದು ಅಂಟಿಸಿದ್ದಾಳೆ, ಕನ್ನಡದ ಚೀಟಿ ಕಿತ್ತು ಬಿಸಾಕಿದ್ದಾಳೆ, ಕಾಫಿಗೆ ಸಕ್ಕರೆ ಅಂತ ಪುಡಿಯುಪ್ಪು ಹಾಕಿಕೊಂಡು ಕುಡಿದೆ, ನೀವಾದರೂ ಒಂದು ಮಾತು ಹೇಳಿ. ನಾನು ನಗು ತಡೆದುಕೊಂಡು, ಪರೀಕ್ಷೆ ಮುಗಿಯುವವರೆಗೆ ಡಬ್ಬಿ ತೆರೆದು ನಾಲಿಗೆಗೆ ಹಚ್ಚಿ ನೋಡಿ ಎಂದು ಸಲಹೆ ಕೊಟ್ಟೆ. ಆ ಭಾನುವಾರ ಅವಳು ಒಂದೂ ತಪ್ಪಿಲ್ಲದೆ ಬರೆದಳು. ಆಮೇಲಿನ ವಾರವೂ ಅಷ್ಟೇ. ಹೀರೇಕಾಯಿ ಗುಂಪು ಮೇಲೆ ಬಂತು.

ಅದಕ್ಕಿಂತ ವಿಚಿತ್ರವೆಂದರೆ ಓರಗಿತ್ತಿಯರದು. ಅಣಬೆ ತಿನ್ನುವ ಹಿರಿಯರು ನಿಧಾನ, ಹೀರೇಕಾಯಿ ತಿನ್ನುವ ಕಿರಿಯರು ಚುರುಕು. ನಾನು ತಲೆ ಕೆಡಿಸಿಕೊಂಡೆ. ಅಣಬೆಯಿಂದ ಹಿರಿಯರಿಗೆ ಕೆಡುಕಾಗುತ್ತಿದೆಯೇ ಎಂದು ಕೂಡ ಯೋಚಿಸಿದೆ.

ಗುಟ್ಟು ಬಯಲಾದದ್ದು ತಂಗಿಯ ಮಗಳು ಒಂದು ಭಾನುವಾರ ಪಾಠ ನೋಡಲು ಬಂದಾಗ. ಹೊಸ ಪ್ಯಾಕೆಟ್ಟಿನ ಮೇಲೆ ಅಡುಗೆ ವಿಧಾನ ಅಚ್ಚು ಹಾಕಿಸುವ ಆಲೋಚನೆಯಲ್ಲಿದ್ದಳು. ಎಲ್ಲರೂ ಸ್ಲೇಟು ಕೆಳಗಿಟ್ಟು ಚಹಾ ಕುಡಿಯುತ್ತಿದ್ದಾಗ ಹಿರಿಯ ಓರಗಿತ್ತಿಯನ್ನು ಕೇಳಿದಳು, ಅಣಬೆ ಹೇಗೆ ಮಾಡಿದರೆ ನಿಮಗೆ ಹೆಚ್ಚು ರುಚಿ ಆಂಟಿ ಎಂದು. ಹಿರಿಯರು ಚಹಾದ ಲೋಟದೊಳಗೆ ನೋಡಿದರು. ಕಿರಿಯರು ಬಾಯಿ ತಡೆಯಲಾರದೆ, ಮೊದಲು ನೀರು ಇಂಗುವ ತನಕ ಬರೀ ಬಾಣಲೆಯಲ್ಲಿ ಹುರಿಯಬೇಕು, ಆಮೇಲೆ ಈರುಳ್ಳಿ, ಮೆಣಸು ಕುಟ್ಟಿ ಹಾಕಬೇಕು, ಕೊತ್ತಂಬರಿ ಸೊಪ್ಪು ಜಾಸ್ತಿ ಬೇಡ, ರಾಗಿ ಮುದ್ದೆಗೆ ಸಾರು ಮಾಡಿದರೂ ಬಲು ಚೆಂದ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಅಡುಗೆ ಮಾಡುವವರು ಅವರೇ, ಆದ್ದರಿಂದ ತಿಳಿದಿರಬಹುದು. ಆದರೆ ಮಾತಿನಲ್ಲಿ ನೀರೂರುತ್ತಿತ್ತು. ನಾನು ಇಬ್ಬರನ್ನೂ ದಿಟ್ಟಿಸಿದೆ.

“ನಂಗೆ ಅದರ ನುಣುಪು ಗಂಟಲಲ್ಲಿ ಇಳಿಯಲ್ಲ ಮೇಡಂ,” ಎಂದರು ಹಿರಿಯರು. “ಇವಳು ಉಪ್ಪು ನೋಡ್ತೀನಿ ಅಂತ ಅರ್ಧ ತಿಂದ್‌ಬಿಡೋಳು. ಇಷ್ಟ ಪಡ್ತಾಳಲ್ಲ ಅಂತ ತಟ್ಟೆ ಬದಲಾಯಿಸ್ಕೊಂಡ್ವಿ.”

ಎಂದಿನಿಂದ ಎಂದು ಕೇಳಿದೆ. ಶುರುವಿನ ವಾರದಿಂದಲೇ ಅಂತೆ.

ನನಗೆ ನಿಜವಾಗಿ ಸಿಟ್ಟು ಬಂತು. ಅಷ್ಟು ದಿನ ಅಂಕ ಕೂಡಿ, ಕಳೆದು, ಅರ್ಥ ಹುಡುಕಿ ಒದ್ದಾಡಿದ್ದೆನಲ್ಲ. ಏನಾದರೂ ಅನ್ನಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಪೋಸ್ಟಾಫೀಸಿನವಳು ಗಟ್ಟಿಯಾಗಿ ಲೆಕ್ಕ ಹಾಕತೊಡಗಿದಳು: ಅಣಬೆ ಗುಂಪಿನವಳು ಹೀರೇಕಾಯಿ ತಿಂದಳು, ಹೀರೇಕಾಯಿ ಗುಂಪಿನವಳು ಅಣಬೆ ತಿಂದಳು, ನಾನು ಚೀಟಿಯನ್ನೇ ಎತ್ತಲಿಲ್ಲ, ಪರೀಕ್ಷೆ ಮಾಡಿದ ಇವಳು ಎರಡೂ ತಿಂದಳು. ಅಂದರೆ ಸರಿಯಾಗಿ ತಿಂದವರು ಬಳೆ ಅಂಗಡಿ ಅಕ್ಕ ಒಬ್ಬರೇ. ಅಕ್ಕ ತಲೆ ತಗ್ಗಿಸಿ, ನಾನು ಅಂಗಡಿಗೆ ಬರುವ ಮುಸ್ಲಿಂ ಹೆಣ್ಣುಮಕ್ಕಳಿಗೆಲ್ಲ ಬಸುರಿಯ ಕತೆ ಹೇಳಿ ಅಕ್ಷರ ತಿದ್ದಿಸಿಕೊಳ್ಳುತ್ತಿದ್ದೆ, ಅದೂ ಮೋಸವೇ ಅಲ್ಲವೇ ಎಂದರು. ಮೊದಲು ನಕ್ಕವರು ಆಪಾ. ಅವರು ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದು ಭುಜ ಕುಣಿಸಿಕೊಂಡು ನಗುವುದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಒಳಗಿನಿಂದ ಅವರ ಸೊಸೆ ಏನಾಯಿತೆಂದು ಓಡಿ ಬಂದಳು. ಹೇಳೋಣವೆಂದರೆ ಯಾರಿಗೂ ಮಾತು ಹೊರಡಲಿಲ್ಲ. ಅಷ್ಟು ನಕ್ಕು ನನಗೆ ಎಷ್ಟು ಕಾಲವಾಗಿತ್ತೋ.

ತಂಗಿಯ ಮಗಳು ಮಾತ್ರ ನಗುತ್ತಲೇ ನನ್ನ ಮುಖ ನೋಡಿದಳು. ಹಾಗಾದರೆ ರಾಮಬಾಣದ ಸಾಲಿನ ಗತಿ? ನಾನು ಅವಳಿಗೆ ನೇರವಾಗಿ ಹೇಳಿದೆ. ಈ ಪರೀಕ್ಷೆಯಿಂದ ಅಣಬೆ ಒಳ್ಳೆಯದು ಎಂದೂ ಗೊತ್ತಾಗಲಿಲ್ಲ, ಅಲ್ಲ ಎಂದೂ ಗೊತ್ತಾಗಲಿಲ್ಲ. ದಿನಾ ಅಭ್ಯಾಸ ಮಾಡಿದ ಎಲ್ಲರಿಗೂ ಅಕ್ಷರ ಬಂತು ಎಂಬುದಷ್ಟೇ ಗೊತ್ತಾಯಿತು. ಅದರಲ್ಲಿ ಅಣಬೆಯ ಪಾಲೆಷ್ಟು ಎಂದು ಹೇಳಲು ದೊಡ್ಡ ದೊಡ್ಡ ಪ್ರಯೋಗಶಾಲೆಯವರೇ ಇನ್ನೂ ತಡಕಾಡುತ್ತಿದ್ದಾರೆ, ನಾವು ಪಡಸಾಲೆಯವರು. ಅವಳು ಜಾಣೆ, ಕೊಂಕು ಮಾತಾಡಲಿಲ್ಲ. ಹೊಸ ಪ್ಯಾಕೆಟ್ಟಿನಲ್ಲಿ ‘ಈ ಬೆಳಿಗ್ಗೆ ಕೊಯ್ದದ್ದು, ಇಂದೇ ಅಡುಗೆ ಮಾಡಿ’ ಎಂದು ಹಾಕಿಸಿದಳು. ಹಿಂಬದಿಗೆ ಕಿರಿಯ ಓರಗಿತ್ತಿ ಹೇಳಿದ, ಮೆಣಸು ಹಾಕಿ ಅಣಬೆ ಹುರಿಯುವ ವಿಧಾನ. ವ್ಯಾಪಾರ ಇಳಿಯಲಿಲ್ಲ. ಗೌರಿಬಿದನೂರಿನಿಂದ ಹೋಟೆಲಿನವರೊಬ್ಬರು ಆ ವಿಧಾನ ಓದಿಯೇ ಬಂದು ಆರ್ಡರ್ ಕೊಟ್ಟರಂತೆ.

ಪರೀಕ್ಷೆ ಮುಗಿಯಿತು ಎಂದು ಯಾರೂ ಪಾಠ ಬಿಡಲಿಲ್ಲ. ಒಂದು ದಿನ ಆಪಾ ಒಬ್ಬರನ್ನು ಬಿಟ್ಟು ನಾವೆಲ್ಲ ಬಜಾರಿಗೆ ಹೋಗಿದ್ದೆವು. ಹಿರಿಯ ಓರಗಿತ್ತಿಯ ಮನೆಯ ಮದುವೆಗೆ ಸೀರೆ ತೆಗೆಯಬೇಕಿತ್ತು. ದಾರಿ ಮಧ್ಯೆ ಪೋಸ್ಟಾಫೀಸಿನವಳು ನಿಂತುಬಿಟ್ಟಳು. ಹಿಂದಿನಿಂದ ಬಂದ ಆಟೋದವನು ಹಾರನ್ ಒತ್ತಿದ. ಅವಳಿಗೆ ಪರಿವೆಯಿಲ್ಲ. ಎದುರಿನ ಹಳೇ ಅಂಗಡಿಯ ಬೋರ್ಡಿನ ಮೇಲೆ ಬೆರಳು ನೆಟ್ಟು ಬಲದಿಂದ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು.

“ದ... ವಾ... ಖಾ... ನಾ. ದವಾಖಾನಾ.”

ಆ ಬೋರ್ಡನ್ನು ನಾವು ಮದುವೆಯಾಗಿ ಈ ಊರಿಗೆ ಬಂದಂದಿನಿಂದ ನೋಡುತ್ತಿದ್ದೇವೆ. ಅದು ಗೋಡೆಗೆ ಬರೆದ ಹೂಬಳ್ಳಿಯಂತೆ ಕಣ್ಣಿಗೆ ಬಿದ್ದು ಹೋಗುತ್ತಿತ್ತು. ಅವತ್ತು ಬಾಯಿಬಿಟ್ಟು ಮಾತಾಡಿತು. ನಾವೂ ಒಬ್ಬೊಬ್ಬರೇ ಓದಿದೆವು, ಜೋರಾಗಿ, ಒಂದನೇ ತರಗತಿಯ ಮಕ್ಕಳ ಹಾಗೆ ರಾಗವಾಗಿ. ಅಂಗಡಿಯೊಳಗಿದ್ದ ಬಿಳಿ ಗಡ್ಡದ ಹಕೀಮರು ಗಾಬರಿಯಾಗಿ ಹೊರಗೆ ಬಂದು ಏನು ಬೇಕಮ್ಮ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ, ಓದುತ್ತಿದ್ದೇವೆ ಅಷ್ಟೇ ಎಂದಳು ಪೋಸ್ಟಾಫೀಸಿನವಳು. ಅವರು ಕನ್ನಡಕ ಮೇಲೆತ್ತಿ ನಮ್ಮನ್ನೂ ನೋಡಿದರು, ತಮ್ಮ ಬೋರ್ಡನ್ನೂ ನೋಡಿದರು. ಆಮೇಲೆ ಕೆಳಗೆ ಸಣ್ಣಕ್ಷರದಲ್ಲಿ ಇದ್ದ ತಮ್ಮ ತಂದೆಯ ಹೆಸರು ತೋರಿಸಿ, ಇದನ್ನು ಓದಿ ನೋಡೋಣ ಎಂದರು. ಹಿರಿಯ ಓರಗಿತ್ತಿ, ಎಲ್ಲರಿಗಿಂತ ನಿಧಾನಿ, ಅವರೇ ಮುಂದೆ ಬಂದು ತಡವರಿಸುತ್ತಾ ಓದಿದರು. ಹಕೀಮರ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಮರೆತರೆ ಕೇಳಿ. ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಗುಲಾಬಿ ಶರಬತ್ತು ತರಿಸಿಕೊಟ್ಟರು. ಸೀರೆ ಅಂಗಡಿಗೆ ಹೋದಾಗ ಅಂಗಡಿಯವನು ಊಟಕ್ಕೆ ಬಾಗಿಲು ಹಾಕಿದ್ದ.

ಸಂಜೆ ಆಪಾಗೆ ಇದನ್ನು ಹೇಳಿದೆವು. ಅವರು, ಮದನಪಲ್ಲಿಯ ಬಸ್ಸಿನ ತೆಲುಗು ಬೋರ್ಡನ್ನು ನನಗೆ ಇಂದಿಗೂ ಯಾರಾದರೂ ಓದಿ ಹೇಳಬೇಕು, ಮಗಳನ್ನು ಆ ಕಡೆಗೇ ಕೊಟ್ಟಿದ್ದೇನೆ ಎಂದರು. ಬಳೆ ಅಂಗಡಿ ಅಕ್ಕ ಆ ಊರಿನಲ್ಲಿ ಏಳನೇ ಕ್ಲಾಸಿನವರೆಗೆ ತೆಲುಗಿನಲ್ಲೇ ಓದಿದವರು. ಎಲ್ಲರ ಕಣ್ಣೂ ಅವರ ಕಡೆ ತಿರುಗಿತು.

ಈಗ ಭಾನುವಾರದ ಪಾಠ ತೆಲುಗಿನದು. ಅಕ್ಕ ಪಾಠ ಹೇಳುವುದರಲ್ಲಿ ತೀರಾ ಮೆದು, ಯಾರು ಏನು ಬರೆದರೂ ‘ಬಾಗುಂದಿ, ಚೆನ್ನಾಗಿದೆ’ ಎನ್ನುತ್ತಾರೆ. ತೆಲುಗು ಅಕ್ಷರ ಕನ್ನಡದ ಹಾಗೇ ಇದ್ದಂತೆ ಕಂಡು ಮೋಸ ಮಾಡುತ್ತದೆ. ಆಪಾ ‘ತ’ ಬರೆಯಬೇಕಾದಲ್ಲೆಲ್ಲ ಕನ್ನಡದ ತ ಬರೆದು ತಲೆಕಟ್ಟು ಒಂದನ್ನು ತಿದ್ದಿ ದಾಟಿಸಲು ನೋಡುತ್ತಾರೆ. ಹೋದ ವಾರ ಅವರು ಮನೆಪಾಠವನ್ನೇ ಬರೆದಿರಲಿಲ್ಲ. ಕೇಳಿದರೆ ನೆಂಟರು ಬಂದಿದ್ದರು ಎಂದರು. ಅದಕ್ಕೂ ಹಿಂದಿನ ವಾರ ಕನ್ನಡಕ ಸಿಕ್ಕಿರಲಿಲ್ಲ. ಅಕ್ಕ ಏನು ಮಾಡಬೇಕೋ ತೋಚದೆ ನನ್ನ ಕಡೆ ನೋಡಿದರು.

“ಇಂಥೋರಿಗೆ ನೀವು ಏನ್ ಮಾಡ್ತಿದ್ರಿ ಮೇಡಂ?”

ಹತ್ತು ಸಲ ಬರೆಸುತ್ತಿದ್ದೆ ಎಂದೆ. ಆಪಾ ನನ್ನನ್ನು ಕೆಕ್ಕರಿಸಿ ನೋಡಿ, ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬಳಪ ಎತ್ತಿಕೊಂಡರು. ಅಭ್ಯಾಸಬಲ, ಬಲಗಡೆಯಿಂದ ಶುರುಮಾಡಿದರು.